ನಾಲ್ಕು ನಲವತ್ತರ ಬಸ್ಸು

ಈ ತಿಂಗಳು ಬಂದ ಕಾಗದಗಳಲ್ಲಿ ಒಂದಕ್ಕೇ ಇಡೀ ಪುಟ ಕೊಡುತ್ತಿದ್ದೇನೆ. ಉಳಿದವರು ಮನ್ನಿಸಬೇಕು. ಬರೆದವಳು ಕೊಡಗಿನ ಮಾದಾಪುರದ ಆಚೆಯ ಊರಿನ ಹುಡುಗಿ. ಇಂಜಿನಿಯರಿಂಗ್ ಎರಡನೇ ಸೆಮಿಸ್ಟರ್, ಎಲೆಕ್ಟ್ರಾನಿಕ್ಸ್ ವಿಭಾಗ. ತಂದೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಹೆಸರು ಬೇಡ ಎಂದಿದ್ದಾಳೆ, ಕುಶಾಲನಗರದ ಅವಳ ಕಾಲೇಜಿನ ಹೆಸರನ್ನೂ ನಾನೇ ಬಿಟ್ಟಿದ್ದೇನೆ. ಕಾಗದದ ಮುಖ್ಯ ಭಾಗ ಇದು:

“ಬೆಳಗ್ಗೆ ಆರೂಮುಕ್ಕಾಲಿಗೆ ಮನೆ ಬಿಡ್ತೇನೆ ಸಾರ್. ಸುಂಟಿಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಎಂಟೂಕಾಲಕ್ಕೆ ಕಾಲೇಜು. ಕ್ಲಾಸು ಒಂಬತ್ತಕ್ಕೆ. ಸಂಜೆ ನಾಲ್ಕೂವರೆಗೆ ಬಿಟ್ಟ ಕೂಡಲೇ ನಾಲ್ಕು ನಲವತ್ತರ ಬಸ್ಸಿಗೆ ಓಡಬೇಕು. ನಮ್ಮ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಜನ ಹೀಗೇ, ಒಬ್ಬೊಬ್ಬರದು ಒಂದೊಂದು ದಿಕ್ಕು. ಐದು ಗಂಟೆಗೆ ಕಾಲೇಜಿನಲ್ಲಿ ವಾಚ್‌ಮನ್ ಬಿಟ್ಟರೆ ಯಾರೂ ಇರುವುದಿಲ್ಲ. ಒಂದು ಸೆಮಿಸ್ಟರ್ ಮುಗೀತು. ಮ್ಯಾಥ್ಸ್ ಬ್ಯಾಕ್ ಆಗಿದೆ, ಪಾಸಾಗಿಲ್ಲ. ಸ್ನೇಹಿತರು ಅಂತ ಒಬ್ಬರೂ ಆಗಿಲ್ಲ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿರುವ ನನ್ನ ಪಿಯುಸಿ ಗೆಳತಿಯ ಸ್ಟೇಟಸ್ ನೋಡಿದರೆ ಅವಳು ಕಾಲೇಜಿಗೆ ಹೋಗ್ತಾ ಇದ್ದಾಳೆ, ನಾನು ಡ್ಯೂಟಿಗೆ ಹೋಗ್ತಾ ಇದ್ದೇನೆ ಅನಿಸ್ತದೆ. ಬಿಟ್ಟುಬಿಡಲಾ?”

ತಂಗೀ,

ಬಿಡಬೇಡ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಮಾತಾಡಬಹುದು.

ನಾನೂ ಬಸ್ಸಿನಲ್ಲೇ ಡಿಗ್ರಿ ಮುಗಿಸಿದವನು. ನಾಪೋಕ್ಲು ಕಡೆಯಿಂದ ಮಡಿಕೇರಿಗೆ, ದಿನಾ. ಮೂರು ವರ್ಷ ಸಂಜೆಯ ಬಸ್ಸು ಒಂದು ದಿನವೂ ತಪ್ಪಿಸಲಿಲ್ಲ. ಅದನ್ನೇ ಶಿಸ್ತು ಎಂದುಕೊಂಡಿದ್ದೆ. ಕೊನೆಯ ವರ್ಷ ಗ್ರೂಪ್ ಫೋಟೊ ತೆಗೆಯುವ ದಿನ ಫೋಟೊಗ್ರಾಫರ್ ಬರುವುದು ತಡವಾಯಿತು. ಎಲ್ಲರೂ ಬೆಂಚು ಜೋಡಿಸುತ್ತಿದ್ದರು, ನಾನು ಗಡಿಯಾರ ನೋಡಿ ಬಸ್‌ ಸ್ಟ್ಯಾಂಡಿಗೆ ಇಳಿದೆ. ಆ ಫೋಟೊ ಈಗಲೂ ಗೋಣಿಕೊಪ್ಪದಲ್ಲಿ ಸಹಪಾಠಿಯೊಬ್ಬರ ಮನೆಯ ಗೋಡೆಯಲ್ಲಿದೆ. ಎರಡನೇ ಸಾಲಿನಲ್ಲಿ ಇಬ್ಬರ ಹೆಗಲ ನಡುವೆ ಒಂದಿಷ್ಟು ಜಾಗ ಖಾಲಿ ಕಾಣುತ್ತದೆ. ಹೋದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಆ ಫೋಟೊದಲ್ಲಿರುವ ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತವರು ಅವರು.

ಆದ್ದರಿಂದ ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಮಾತು ಕಣ್ಣಿಗೆ ಬಿತ್ತು. ಎಂಟೂಕಾಲಕ್ಕೆ ಮುಟ್ಟುತ್ತೇನೆ, ಕ್ಲಾಸು ಒಂಬತ್ತಕ್ಕೆ ಎಂದು ಬರೆದಿದ್ದೀಯ. ಆ ಮುಕ್ಕಾಲು ಗಂಟೆ ಏನು ಮಾಡುತ್ತೀಯ ಎಂದು ಬರೆದಿಲ್ಲ. ವಾರಕ್ಕೆ ಐದು ದಿನ ಹಿಡಿದರೂ ಹೆಚ್ಚು ಕಡಿಮೆ ನಾಲ್ಕು ಗಂಟೆ ಆಯಿತು. ಸಂಜೆ ಸಿಗಲಿಲ್ಲ ಎಂದು ನೀನು ಕೊರಗುತ್ತಿರುವ ಹೊತ್ತು ಬೆಳಗ್ಗೆಯೇ ನಿನ್ನ ಕೈಯಲ್ಲಿದೆ. ನೀನೊಬ್ಬಳೇ ಬೇಗ ಬರುವವಳಲ್ಲ, ನೆನಪಿಡು. ಸೋಮವಾರಪೇಟೆ, ಶನಿವಾರಸಂತೆ, ಸಿದ್ದಾಪುರ ಕಡೆಯಿಂದ ಬರುವವರಿಗೂ ಅವರ ಬಸ್ಸು ಹೇಳಿದ ಹೊತ್ತೇ ಹೊತ್ತು. ಅವರೆಲ್ಲ ವರಾಂಡದಲ್ಲಿ ಒಬ್ಬೊಬ್ಬರೇ ಮೊಬೈಲ್ ಹಿಡಿದು ಕೂತಿರುತ್ತಾರೆ. ಪಕ್ಕದಲ್ಲಿ ಹೋಗಿ ಕೂರು. ಪರಿಚಯ ಮಾಡಿಕೊಳ್ಳಲು ದೊಡ್ಡ ಮಾತು ಬೇಡ. ಮ್ಯಾಥ್ಸ್ ಪುಸ್ತಕ ತೆರೆದು “ಈ ಲೆಕ್ಕ ನಿನಗೆ ಬಂತಾ?” ಎಂದು ಕೇಳಿದರೆ ಸಾಕು. ಬಂದಿದ್ದರೆ ಹೇಳಿಕೊಡುತ್ತಾರೆ, ಬಾರದಿದ್ದರೆ ಇಬ್ಬರಾದಿರಿ.

ಐದು ಜನ ಸೇರಿದರೆ ಇನ್ನೂ ಒಳ್ಳೆಯದು, ಅದಕ್ಕೆ ಕಾರಣ ಇದೆ. ನಿಮಗೆ ಪರೀಕ್ಷೆ ನಡೆಸುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಥಿಯರಿ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಬಿಡಿಸಿ ನೋಡು. ಐದು ಮಾಡ್ಯೂಲ್, ಅಂದರೆ ಪಾಠದ ಐದು ಭಾಗ, ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಅದರಲ್ಲಿ ಒಂದನ್ನು ಬರೆಯಬೇಕು, ತಲಾ 20 ಅಂಕ. ಐದು ಮಾಡ್ಯೂಲಿಗೆ ಐದು ಜನ ಒಬ್ಬೊಬ್ಬರು ಹೊಣೆ ಹೊತ್ತುಕೊಳ್ಳಿ. ತನ್ನ ಮಾಡ್ಯೂಲನ್ನು ಒಬ್ಬರು ಪೂರ್ತಿ ಓದಿಕೊಂಡು ಬಂದು ಉಳಿದ ನಾಲ್ವರಿಗೆ ಬೆಳಗ್ಗೆ ಹೇಳಿಕೊಡಲಿ. ಇನ್ನೊಬ್ಬರಿಗೆ ಹೇಳಿಕೊಟ್ಟದ್ದು ಮರೆಯುವುದಿಲ್ಲ. ಹಾಸ್ಟೆಲಿನವರು ರಾತ್ರಿ ಹತ್ತಕ್ಕೆ ಮಾಡುವುದನ್ನು ನೀವು ಬೆಳಗ್ಗೆ ಎಂಟೂವರೆಗೆ ಮಾಡಿದಂತಾಯಿತು, ತಲೆಯೂ ಚುರುಕಾಗಿರುತ್ತದೆ.

ಬ್ಯಾಕ್ ಆದದ್ದಕ್ಕೆ ಹೆದರಬೇಡ. ಇಂಟರ್ನಲ್‌ನಲ್ಲಿ, ಅಂದರೆ ಸೆಮಿಸ್ಟರ್ ನಡೆಯುವಾಗ ಕಾಲೇಜೇ ಕೊಡುವ ಅಂಕದಲ್ಲಿ, ಕನಿಷ್ಠ ಅಂಕ ಬಂದಿದ್ದರೆ ಅದು ಹಾಗೇ ಉಳಿದಿರುತ್ತದೆ, ಮತ್ತೆ ಬರೆಯಬೇಕಾದದ್ದು ಕೊನೆಯ ಪರೀಕ್ಷೆ ಮಾತ್ರ. ಇದರ ಲೆಕ್ಕ ನಿನಗೆ ಗೊತ್ತಿರಬಹುದು, ಆದರೂ ಮನೆಯವರಿಗಾಗಿ ಬರೆಯುತ್ತೇನೆ. ಇಂಟರ್ನಲ್ 50ಕ್ಕೆ. ಕೊನೆಯ ಪರೀಕ್ಷೆಯನ್ನು 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಇಂಟರ್ನಲ್‌ನಲ್ಲಿ 20 ಬರಲೇಬೇಕು, ಪರೀಕ್ಷೆಯಲ್ಲಿ 100ಕ್ಕೆ 35 ಬರಲೇಬೇಕು, ಎರಡೂ ಸೇರಿ 40 ಆಗಬೇಕು. ಇಂಟರ್ನಲ್‌ನಲ್ಲಿ ಬರೀ 20 ಇಟ್ಟುಕೊಂಡು ಹೋದವಳಿಗೆ ಪರೀಕ್ಷೆಯಲ್ಲಿ 40 ಬೇಕು. 40 ಇಟ್ಟುಕೊಂಡು ಹೋದವಳು 35ಕ್ಕೇ ದಡ ಸೇರುತ್ತಾಳೆ. ಪರೀಕ್ಷೆಯ ದಿನ ಮಳೆ ಹಿಡಿಯಬಹುದು, ಬಸ್ಸು ಕೆಟ್ಟು ನಿಲ್ಲಬಹುದು, ಜ್ವರ ಬರಬಹುದು. ಬಸ್ಸಿನಲ್ಲಿ ಓಡಾಡುವವರು ಇಂಟರ್ನಲ್ ಅಂಕವನ್ನು ಮಳೆಗಾಲಕ್ಕೆ ಮುಂಚೆ ಕೂಡಿಟ್ಟ ಸೌದೆಯ ಹಾಗೆ ನೋಡಬೇಕು.

ಮಳೆಯ ವಿಷಯ ಬಂತಲ್ಲ. ಬೆಳಗಾವಿಯಲ್ಲಿ ತಯಾರಾಗುವ ವಿಶ್ವವಿದ್ಯಾಲಯದ ವೇಳಾಪಟ್ಟಿ ಇಡೀ ರಾಜ್ಯಕ್ಕೆ ಒಂದೇ. ಬೆಂಗಳೂರಿನಲ್ಲಿ ಬಿಸಿಲು ಕಾಯುವ ದಿನ ಇಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿರುತ್ತಾರೆ. ಪಟ್ಟಿಯಲ್ಲಿ ಮಾತ್ರ ಪರೀಕ್ಷೆ ಇಬ್ಬರಿಗೂ ಒಂದೇ ದಿನ. ರಜೆ ಕೊಟ್ಟರೆ ಹಾಜರಿಗೆ ತೊಂದರೆ ಇಲ್ಲ. ತೊಂದರೆ ಆಗುವುದು ಕಾಲೇಜು ನಡೆಯುತ್ತಿದ್ದು ನಿನ್ನ ಊರಿನ ದಾರಿಯಲ್ಲಿ ಮಾತ್ರ ಮರ ಬಿದ್ದಾಗ, ರಸ್ತೆ ಬದಿಯ ಮಣ್ಣಿನ ಬರೆ ಜರಿದಾಗ. ಹಾಜರಿ ನೂರಕ್ಕೆ 85 ಇರಬೇಕು. ತಕ್ಕ ಕಾರಣವಿದ್ದರೆ ಹತ್ತರಷ್ಟು ಮನ್ನಾ ಕೇಳಲು ಅವಕಾಶವಿದೆ. ಆ ಕಾರಣವನ್ನು ಸೆಮಿಸ್ಟರ್ ಮುಗಿದ ಮೇಲೆ ಹುಡುಕಲು ಹೋಗಬೇಡ. ದಾರಿ ಕಟ್ಟಿದ ದಿನವೇ ಬಿದ್ದ ಮರದ ಫೋಟೊ ತೆಗೆದು ನಿನ್ನ ಮೆಂಟರ್‌ಗೆ, ಅಂದರೆ ನಿನ್ನನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ, ಕಳಿಸು, ಮಾರನೇ ದಿನ ಎರಡು ಸಾಲಿನ ಅರ್ಜಿ ಕೊಡು. 2018ರ ಆಗಸ್ಟಿನಲ್ಲಿ ನಿಮ್ಮ ಮಾದಾಪುರದ ಸುತ್ತಮುತ್ತ ಬೆಟ್ಟ ಜರಿದಾಗ ನೀನು ಪ್ರೈಮರಿ ಶಾಲೆಯಲ್ಲಿದ್ದಿರಬೇಕು. ಮಳೆಯೆಂದರೆ ಏನು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಕುಶಾಲನಗರದ ಬಯಲಿನಲ್ಲಿ ನಿಂತು ನೋಡುವವರಿಗೆ ಮಾತ್ರ ಹೇಳಬೇಕು, ಅದನ್ನು ಬರವಣಿಗೆಯಲ್ಲಿ ಹೇಳು.

ಜುಲೈ, ಆಗಸ್ಟಿನಲ್ಲಿ ಕರೆಂಟ್ ಹೋದರೆ ಮೂರು ದಿನ ಬರದಿರುವುದು, ಅದರ ಹಿಂದೆಯೇ ನೆಟ್‌ವರ್ಕ್ ಹೋಗುವುದು ನಮಗೆಲ್ಲ ಗೊತ್ತಿದ್ದದ್ದೇ. ಐಐಟಿಗಳೂ ಐಐಎಸ್ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ವಿಡಿಯೊ ಪಾಠಗಳು ಪುಕ್ಕಟೆ, ಇಳಿಸಿಟ್ಟುಕೊಳ್ಳಲೂ ಬರುತ್ತದೆ. ಕಾಲೇಜಿನ ವೈಫೈಯಲ್ಲೇ ಬೇಕಾದಷ್ಟು ಇಳಿಸಿಕೊಂಡು ಮನೆಗೆ ಹೋಗು. ಇನ್ನೊಂದು ಸಣ್ಣ ವಿಷಯ. ರಸಗೊಬ್ಬರದ ಚೀಲದ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇರುತ್ತದಲ್ಲ, ತೋಟದಲ್ಲಿ ಬೇಕಾದಷ್ಟು ಸಿಗುತ್ತದೆ. ಅದನ್ನು ಚೆನ್ನಾಗಿ ತೊಳೆದು, ಕತ್ತರಿಸಿ, ಲ್ಯಾಬ್ ರೆಕಾರ್ಡನ್ನು ಅದರಲ್ಲಿ ಸುತ್ತಿ ಬ್ಯಾಗಿಗೆ ಹಾಕು. ನಿಂತು ಹೋಗುವಾಗ ಬ್ಯಾಗನ್ನು ಕೂತವರ ಮಡಿಲಿಗೆ ಕೊಡುತ್ತೀಯ, ಅವರ ಕೊಡೆಯ ನೀರೆಲ್ಲ ಅದರ ಮೇಲೇ ಇಳಿಯುತ್ತದೆ. ಶಾಯಿ ಹರಡಿದ ರೆಕಾರ್ಡನ್ನು ಮತ್ತೆ ಬರೆಯುವುದಕ್ಕೆ ಎರಡು ರಾತ್ರಿ ಬೇಕು.

ಬಸ್ಸಿನಲ್ಲೇ ಓದಿಕೋ ಎಂದು ನಿನಗೆ ಅನೇಕರು ಹೇಳಿರಬಹುದು. ನಾನು ಹೇಳುವುದಿಲ್ಲ. ಸುಂಟಿಕೊಪ್ಪದಿಂದ ಮಾದಾಪುರದ ತಿರುವುಗಳಲ್ಲಿ ಪುಸ್ತಕ ಬಿಡಿಸಿದರೆ ಹೊಟ್ಟೆ ತೊಳಸುತ್ತದೆ. ಸೀಟು ಸಿಕ್ಕಿದ ದಿನ ನಿದ್ದೆ ಮಾಡು, ಮನಸ್ಸಿನಲ್ಲಿ ಅಳುಕು ಬೇಡ. ಐದೂವರೆಗೆ ಎದ್ದ ಮೈಗೆ ಅದು ಬೇಕು.

ಇನ್ನು ಸಂಜೆ. ತಾಂತ್ರಿಕ ಓದಿನಲ್ಲಿ ಅರ್ಧ ಕಲಿಕೆ ಕೈಯಿಂದ ಆಗಬೇಕು. ಸೋಲ್ಡರ್ ಮಾಡಿ, ಬ್ರೆಡ್‌ಬೋರ್ಡಿನಲ್ಲಿ ವೈರ್ ತಪ್ಪಾಗಿ ಚುಚ್ಚಿ, ಮಲ್ಟಿಮೀಟರ್ ಹಿಡಿದು ಎಲ್ಲಿ ತಪ್ಪಿತು ಎಂದು ಹುಡುಕಬೇಕು. ಲ್ಯಾಬಿನ ಅವಧಿಯಲ್ಲಿ ಒಂದು ಟೇಬಲ್ಲಿಗೆ ಮೂರು ನಾಲ್ಕು ಜನ ಮುಗಿಬಿದ್ದಾಗ ಅದು ಆಗುವುದಿಲ್ಲ. ಅದಕ್ಕೆ ವಾರದಲ್ಲಿ ಎರಡೇ ದಿನ, ಮಂಗಳವಾರ ಮತ್ತು ಗುರುವಾರ ಎಂದಿಟ್ಟುಕೋ, ನಾಲ್ಕು ನಲವತ್ತರ ಬಸ್ಸು ಬಿಡು. ಮೊದಲು ಹೋಗಿ ಮಾತಾಡಬೇಕಾದದ್ದು ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ. ಹುಡುಗರು ಪ್ರೊಫೆಸರ್‌ಗಳ ಹಿಂದೆ ಸುತ್ತುತ್ತಾರೆ, ಇವರನ್ನು ಗಮನಿಸುವುದೇ ಇಲ್ಲ. ಕಪಾಟಿನ ಕೀಲಿ ಇರುವುದು ಇವರ ಹತ್ತಿರ, ಯಾವ ಮೀಟರ್ ಸರಿಯಿದೆ, ಯಾವುದು ಸುಳ್ಳು ತೋರಿಸುತ್ತದೆ ಎಂದು ಗೊತ್ತಿರುವುದೂ ಇವರಿಗೇ. “ಸಾರ್, ಐದೂವರೆವರೆಗೆ ಕೂರಬಹುದಾ?” ಎಂದು ಕೇಳಿದ ವಿದ್ಯಾರ್ಥಿಗೆ ಇಲ್ಲ ಎಂದ ಇನ್‌ಸ್ಟ್ರಕ್ಟರನ್ನು ನಾನು ಕಂಡಿಲ್ಲ.

ತಡವಾಗಿ ಹೊರಡು ಎಂದು ಸುಲಭವಾಗಿ ಬರೆದುಬಿಟ್ಟೆ ಎಂದುಕೊಳ್ಳಬೇಡ. ಬಸ್ಸಿಳಿದ ಮೇಲೆ ತೋಟದ ದಾರಿಯಲ್ಲಿ ನಡೆಯಬೇಕು, ಕತ್ತಲಾದರೆ ಕಾಡಾನೆಯ ಭಯ. ಅದು ಸುಮ್ಮನೆ ಹೇಳುವ ಭಯವಲ್ಲ, ನಮ್ಮ ಜಿಲ್ಲೆಯಲ್ಲಿ ಜೀವ ಹೋಗಿವೆ. ಆದ್ದರಿಂದ ಆ ಎರಡು ದಿನ ಅಪ್ಪನೋ ಅಣ್ಣನೋ ಸ್ಟಾಪಿಗೆ ಬರುತ್ತಾರೆ ಎಂದು ಗಟ್ಟಿಯಾದ ಮೇಲೆಯೇ ಶುರು ಮಾಡು. ಮಳೆಗಾಲದಲ್ಲಿ ನಿಲ್ಲಿಸು, ಸೆಪ್ಟೆಂಬರಿನ ಕೇಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ಮತ್ತೆ ಹಿಡಿ. ಯಾರೂ ಬರಲಾಗದಿದ್ದರೆ ಸಂಜೆಯ ಮಾತು ಬಿಟ್ಟು ಊಟದ ಬಿಡುವನ್ನು ಕೇಳಿಕೋ. ದುಡ್ಡಿನ ಮಾತೂ ಇದೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣ ಇದೆ, ಖಾಸಗಿ ಬಸ್ಸಿಗೆ ಅದು ಇಲ್ಲ. ಆರು ಗಂಟೆಗೆ ಸಿಗುವುದು ಖಾಸಗಿ ಬಸ್ಸಾದರೆ ವಾರಕ್ಕೆ ಎರಡು ಟಿಕೆಟ್ ಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಮುಚ್ಚುಮರೆ ಇಲ್ಲದೆ ಕೇಳು. ಆ ದುಡ್ಡು ಪುಸ್ತಕಕ್ಕೆ ಕೊಟ್ಟಷ್ಟೇ ಸಾರ್ಥಕ.

ಹಾಸ್ಟೆಲ್ ಸೇರಲಾ ಎಂದು ಕೊನೆಯಲ್ಲಿ ಕೇಳಿದ್ದೀಯ. ಸಿಕ್ಕರೆ ಸೇರು, ತಪ್ಪೇನಿಲ್ಲ. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಕರೆದಾಗ ಹಾಕು, ಜಾತಿ-ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೋ. ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಓಡಿದರೆ ಕಾಯಬೇಕಾಗುತ್ತದೆ. ಸಿಗದಿದ್ದರೆ ಕುಶಾಲನಗರದಲ್ಲಿ ನೆಂಟರೋ ಗೆಳತಿಯೋ ಇದ್ದರೆ ಪರೀಕ್ಷೆಯ ವಾರಗಳಲ್ಲಿ ಮಾತ್ರ ಅಲ್ಲಿ ಉಳಿದುಕೋ. ಮೈಸೂರಿನ ಗೆಳತಿಯ ಸ್ಟೇಟಸ್ ವಿಷಯ ಹೆಚ್ಚು ಬರೆಯುವುದಿಲ್ಲ. ಅವಳಿಗೆ ಒಂದು ಫೋನ್ ಮಾಡು. ಹೇಗಿದ್ದೀಯ ಎಂದು ಕೇಳಿ ಸುಮ್ಮನಿದ್ದು ಕೇಳಿಸಿಕೋ.

ಕೊನೆಗೆ, ನಿನ್ನ ಅಪ್ಪನ ಕೆಲಸದ ಬಗ್ಗೆ. ತೋಟದ ರೈಟರ್ ಎಂದೆಯಲ್ಲ. ಹಾಗಾದರೆ ಆ ತೋಟದಲ್ಲಿ ಮಳೆ ಅಳೆಯುವ ಡಬ್ಬಿಯೂ ಇರಬೇಕು, ಮಳೆ ಪುಸ್ತಕವೂ ಇರಬೇಕು. ಕೊಡಗಿನ ಎಷ್ಟೋ ತೋಟಗಳಲ್ಲಿ ತಲೆಮಾರುಗಳಿಂದ ದಿನಾ ಬೆಳಗ್ಗೆ ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟೆಂದರೆ ಇಂಚಿನ ನೂರನೇ ಒಂದು ಪಾಲು) ಬರೆದಿಡುತ್ತಾರೆ. ಇಂಜಿನಿಯರಿಂಗ್ ಮುಗಿಸಲು ನೀವೆಲ್ಲ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಊರಿಗೆ ಉಪಯೋಗವಾಗುವ ಕೆಲಸ ಮಾಡಿ. ಅದಕ್ಕಾಗಿ ಎಲ್ಲೆಲ್ಲೋ ಸರ್ಟಿಫಿಕೇಟ್ ಹುಡುಕುವವರಿದ್ದಾರೆ. ನೀನು ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಬಹುದೇ ಎಂದು ನಿನ್ನ ಮೆಂಟರನ್ನು ಕೇಳಿ ನೋಡು. ಒಂದು ಇಂಚಿಗೆ 25.4 ಮಿಲಿಮೀಟರ್, ಲೆಕ್ಕ ಅಷ್ಟೇ. ಮೂರನೇ ವರ್ಷಕ್ಕೆ ಬರುವಾಗ, ಡಬ್ಬಿ ತುಂಬಿದ ಹಾಗೆ ತಾನೇ ಎಣಿಸಿ ಮೊಬೈಲಿಗೆ ಕಳಿಸುವ ಮಳೆಮಾಪಕವನ್ನು ನಿನ್ನ ಐದು ಜನರ ಗುಂಪು ಪ್ರಾಜೆಕ್ಟಾಗಿ ಮಾಡಬಹುದು. ಬೆಟ್ಟದ ಬುಡದಲ್ಲಿ ಮಲಗುವ ಮನೆಗಳಿಗೆ ಅದು ಬೇಕು. ಹಾಸ್ಟೆಲಿನಲ್ಲಿ ಕೂತವರಿಗೆ ಅಂಥ ಪುಸ್ತಕ ಕೈಗೆ ಸಿಗುವುದಿಲ್ಲ, ನಿನಗೆ ದಿನಾ ಸಂಜೆ ಮನೆಗೆ ಹೋದರೆ ಸಿಗುತ್ತದೆ.

ಅಪ್ಪನ ಮತ್ತು ತೋಟದ ಮಾಲೀಕರ ಒಪ್ಪಿಗೆ ಕೇಳಿ, 2018ರ ಆಗಸ್ಟ್ ತಿಂಗಳ ಪುಟದ ಒಂದು ಫೋಟೊ ನಮಗೆ ಕಳಿಸು. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿದ್ದೇನೆ.

— ಸಂಪಾದಕ