ಪಾರ್ಕಿನ್ಸನ್ ಇರೋ ಅಪ್ಪ ಓಸಿ (ಮಟ್ಕಾ ಜೂಜು) ಆಡ್ತಿದ್ದಾರೆ, ಚಟ ಹೇಗೆ ಬಿಡಿಸೋದು?

ನಿಮ್ಮ ಪ್ರಶ್ನೆ ಓದಿ ನಮ್ಮನೆ ಕಥೆನೇ ಕಣ್ಮುಂದೆ ಬಂತು. ಕೈಗೆ ದುಡ್ಡು ಕೊಡದೆ ಇದ್ರೆ ಸರಿಹೋಗ್ತಾರಾ ಅಂತ ಕೇಳಿದ್ದೀರ. ಇದನ್ನ ಚಟ ಅನ್ನೋದನ್ನ ಮೊದಲು ಬಿಡಿ, ಅವರು ಯಾವ ಮಾತ್ರೆ ತಗೋತಿದ್ದಾರೆ ನೋಡಿ.

ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದೋರು, ಮದುವೆ ಮನೇಲಿ ಇಸ್ಪೀಟಿಗೆ ಕೂತ್ರೆ ಎದ್ದು ಹೋಗ್ತಿದ್ದ ಮನುಷ್ಯ. ಪಾರ್ಕಿನ್ಸನ್‌ಗೆ ಕೊಡೋ ಪ್ರಾಮಿಪೆಕ್ಸೋಲ್ ಮಾತ್ರೆ ಡೋಸ್ ಏರಿಸಿದ ಮೇಲೆ ನಡಿಗೆ ಚೆನ್ನಾಯ್ತು, ನಾವೆಲ್ಲ ಖುಷಿಯಾಗಿದ್ವಿ. ಏಳೆಂಟು ತಿಂಗಳಲ್ಲಿ ನೋಡಿದ್ರೆ ಎಫ್‌ಡಿ ಮುರಿಸಿದ್ದಾರೆ, ಅಮ್ಮನ ಬಳೆ ಅಡ ಇಟ್ಟಿದ್ದಾರೆ, ಎಲ್ಲಾ ಮೊಬೈಲ್ ರಮ್ಮಿಗೆ. ನಾನು ಫೋನ್ ಕಿತ್ಕೊಂಡೆ, ಮಧ್ಯರಾತ್ರಿ ಎದ್ದು ಡಬ್ಬದಲ್ಲಿದ್ದ ಬೆಲ್ಲ, ಬಿಸ್ಕೆಟ್ ಖಾಲಿ ಮಾಡೋಕೆ ಶುರು ಮಾಡಿದ್ರು. ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ಕಡೆಯಿಂದ ಬರುತ್ತೆ ಅದು.

ಪ್ರಾಮಿಪೆಕ್ಸೋಲ್, ಅದೇ ಗುಂಪಿನ ರೋಪಿನಿರೋಲ್ ಮೆದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಬದಲಿಗೆ ನಿಂತು ಅದರ ಕೆಲಸ ಮಾಡ್ತವೆ. ನಡಿಗೆ ಭಾಗಕ್ಕೆ ಮಾತ್ರ ಅಲ್ಲ, ಆಸೆ ಹುಟ್ಟಿಸೋ ಭಾಗಕ್ಕೂ ತಾಗ್ತವೆ. 2010ರಲ್ಲಿ ಬಂದ, ಅಮೆರಿಕ ಮತ್ತು ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನದಲ್ಲಿ ಈ ಗುಂಪಿನ ಮಾತ್ರೆ ತಗೊಳ್ಳೋರಲ್ಲಿ ನೂರಕ್ಕೆ 17 ಜನಕ್ಕೆ ಜೂಜು, ಶಾಪಿಂಗ್, ತಿನ್ನೋದು, ಕಾಮ ಇಂಥದ್ರಲ್ಲಿ ಹಿಡಿತ ತಪ್ಪಿತ್ತು, ತಗೊಳ್ಳದೋರಲ್ಲಿ ಸುಮಾರು 7.

ಈಗ ನನ್ನ ತಪ್ಪು, ಇದನ್ನ ಗಮನ ಇಟ್ಟು ಓದಿ. ಇದೆಲ್ಲ ನೆಟ್ಟಲ್ಲಿ ಓದಿದ ರಾತ್ರಿನೇ ಸಿಟ್ಟಲ್ಲಿ ಮಾತ್ರೆ ಶೀಟ್ ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಡಾಕ್ಟರಿಗೆ ಒಂದು ಫೋನ್ ಮಾಡ್ಲಿಲ್ಲ, ಅಪಾಯಿಂಟ್‌ಮೆಂಟ್ ಮೂರು ವಾರ ಇದೆಯಲ್ಲ ಅಂತ. ಪಾರ್ಕಿನ್ಸನ್‌ಗೆ ಕೊಡೋ ಇನ್ನೊಂದು ಮಾತ್ರೆ ಲೆವೊಡೋಪಾ ಹೇಗೂ ನಡೀತಿದೆ, ಇದೊಂದು ಬಿಟ್ರೆ ಏನಾಗುತ್ತೆ ಅನ್ಕೊಂಡೆ. ಮೂರನೇ ದಿನಕ್ಕೆ ಮೈಯೆಲ್ಲ ಬೆವರು, ಎದೆ ಡವಡವ, ಸುಮ್ನೆ ಕೂತಲ್ಲೇ ಅಳು, ನಿದ್ದೆ ಇಲ್ಲ, ಮಗ್ಗುಲು ಬದಲಿಸೋಕೂ ಆಗ್ತಿಲ್ಲ. ದುಡ್ಡು ಕಳ್ಕೊಂಡ ಪಶ್ಚಾತ್ತಾಪ ಇರ್ಬೇಕು ಅಂತ ನಾವು ಸಮಾಧಾನ ಮಾಡ್ತಾ ಇನ್ನೂ ಐದು ದಿನ ಹಾಳು ಮಾಡಿದ್ವಿ, ಕೊನೆಗೆ ಅಡ್ಮಿಟ್ ಮಾಡ್ಬೇಕಾಯ್ತು. ಆಗ ಗೊತ್ತಾಯ್ತು, ಈ ಮಾತ್ರೆ ಒಂದೇ ಸಲಕ್ಕೆ ಬಿಟ್ರೆ ಕೆಲವರಿಗೆ ಕುಡಿತ ಬಿಟ್ಟೋರಿಗೆ ಆಗೋ ಥರ ಮೈ ಒದ್ದಾಡುತ್ತೆ, ಲೆವೊಡೋಪಾ ಜಾಸ್ತಿ ಕೊಟ್ರೂ ಅದು ಇಳಿಯಲ್ಲ ಅಂತ. ಅದೇ ಮಾತ್ರೆ ಸಣ್ಣ ಡೋಸಲ್ಲಿ ಮತ್ತೆ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿದ್ರು. ನಾನು ಒಂದೇ ಒಂದು ಫೋನ್ ಮಾಡಿದ್ರೆ ಅಪ್ಪಂಗೆ ಆ ಎಂಟು ದಿನ ಇರ್ತಿರ್ಲಿಲ್ಲ.

ಡೋಸ್ ಇಳಿದ ಹಾಗೆ ರಮ್ಮಿ ಆಸೆನೂ ಇಳೀತು, ಯಾರೂ ಬುದ್ಧಿ ಹೇಳ್ಲಿಲ್ಲ. ನಡಿಗೆ ಸ್ವಲ್ಪ ನಿಧಾನ ಆಗಿದೆ, ಇರ್ಲಿ. ಬೈದಿದ್ದಕ್ಕೆ ಅಪ್ಪನ ಹತ್ರ ಕ್ಷಮೆ ಕೇಳಿದೀನಿ.

ನೀವು ಎಟಿಎಂ ಕಾರ್ಡ್ ಇಟ್ಕೊಳ್ಳಿ, ತಪ್ಪಿಲ್ಲ, ಆದ್ರೆ ಅದು ಚಿಕಿತ್ಸೆ ಅಲ್ಲ. ನೀವಾಗಿ ಮಾತ್ರೆ ನಿಲ್ಲಿಸ್ಬೇಡಿ, ಅರ್ಧನೂ ಮಾಡ್ಬೇಡಿ. ನಾಳೆನೇ ನ್ಯೂರಾಲಜಿಸ್ಟಿಗೆ ಫೋನ್ ಮಾಡಿ, ಓಸಿ ಯಾವಾಗ ಶುರುವಾಯ್ತು, ಡೋಸ್ ಯಾವಾಗ ಏರಿತು ಎರಡೂ ಒಂದು ಚೀಟೀಲಿ ಬರೀರಿ. ಹೇಳೋಕೆ ನಾಚಿಕೆ ಆಗೋ ಬೇರೆ ವಿಷಯ ಇದ್ರೆ ಅದನ್ನೂ ಬರೀರಿ, ಅಪ್ಪನ ಎದುರಿಗೆ ಬಾಯಿಬಿಡೋಕೆ ಆಗ್ಲಿಲ್ಲ ಅಂದ್ರೆ ಚೀಟಿನೇ ಡಾಕ್ಟರ್ ಕೈಗೆ ಕೊಡಿ.