ಕವೆಂಟ್ರಿಗೆ ಬರುತ್ತಿರುವ ದಾವಣಗೆರೆಯ ತಮ್ಮನಿಗೆ: ಗ್ಯಾರೇಜು ಮತ್ತು ಕರೆನ್ಸಿ ವಹಿವಾಟಿನ ಬಗ್ಗೆ

ನಿಮ್ಮ ಪತ್ರ ತಲುಪಿತು. ಸೆಪ್ಟೆಂಬರಿನಲ್ಲಿ ಓದಲು ಇಂಗ್ಲೆಂಡಿನ ಕವೆಂಟ್ರಿಗೆ ಬರುತ್ತಿದ್ದೀರಿ, ಪಿ.ಬಿ. ರಸ್ತೆಯ ಬದಿಯಲ್ಲಿರುವ ಸೋದರಮಾವನ ಗ್ಯಾರೇಜಿನಲ್ಲಿ ಹಳೆಯ ಬುಲೆಟ್, ಯೆಜ್ಡಿಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತಿದ್ದೀರಿ. ಸಂಜೆ ಗ್ಯಾರೇಜು ಮುಚ್ಚಿದ ಮೇಲೆ ಮೊಬೈಲಿನಲ್ಲಿ ಕರೆನ್ಸಿ ವಹಿವಾಟು, ಅಂದರೆ ಪೌಂಡ್, ಡಾಲರಿನಂಥ ಹಣಗಳ ದರದ ಏರಿಳಿತದ ಮೇಲೆ ಕೊಡುಕೊಳ್ಳುವಿಕೆ, ಮಾಡುತ್ತೀರಿ. ಇವೆರಡನ್ನೂ ಇಲ್ಲಿ ಮುಂದುವರಿಸಿ ಕೋಣೆಯ ಬಾಡಿಗೆಯಷ್ಟನ್ನಾದರೂ ದುಡಿಯಬಹುದೇ ಎಂದು ಕೇಳಿದ್ದೀರಿ. ಅಣ್ಣ ಎಂದು ಕರೆದಿದ್ದೀರಿ, ಹಾಗಾಗಿ ಅಣ್ಣನಾಗಿಯೇ ಹೇಳುತ್ತೇನೆ: ಎರಡನ್ನೂ ಉಳಿಸಿಕೊಳ್ಳಬಹುದು, ಆದರೆ ಮೊದಲ ವರ್ಷ ಎರಡರಿಂದಲೂ ಬಾಡಿಗೆ ಹುಟ್ಟುವುದಿಲ್ಲ, ಹುಟ್ಟಿಸಲು ಹೊರಡಲೂಬಾರದು.

ಮೊದಲು ವೀಸಾ. ವಿದ್ಯಾರ್ಥಿ ವೀಸಾದಲ್ಲಿ ಪದವಿ ಮಟ್ಟದ ಓದಿಗೆ ಬಂದವರು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಸಂಬಳದ ಕೆಲಸ ಮಾಡಬಹುದು; ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ. ಅಂದರೆ ನಿಮ್ಮದೇ ಬೈಕನ್ನು ನೀವು ರಿಪೇರಿ ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಆದರೆ ಸಹಪಾಠಿಯ ಬೈಕಿಗೆ ಕೈ ಹಾಕಿ 20 ಪೌಂಡ್ ತೆಗೆದುಕೊಂಡರೂ, ಹಳೆಯ ಬೈಕುಗಳನ್ನು ಕೊಂಡು ಸರಿಮಾಡಿ ಲಾಭಕ್ಕೆ ಮಾರಲು ತೊಡಗಿದರೂ ಅದು ವ್ಯಾಪಾರವೆನಿಸಿಕೊಳ್ಳುತ್ತದೆ. ಓದು ಮುಗಿದು ಗ್ರಾಜುಯೇಟ್ ವೀಸಾ ಸಿಕ್ಕ ಮೇಲೆ ಆ ಬಾಗಿಲು ತೆರೆಯುತ್ತದೆ. ಆಗ ವರ್ಷಕ್ಕೆ 1,000 ಪೌಂಡ್‌ವರೆಗಿನ ಇಂಥ ವ್ಯಾಪಾರದ ಆದಾಯಕ್ಕೆ ತೆರಿಗೆ ವಿನಾಯಿತಿಯೂ ಇದೆ. ಸ್ವಂತ ಉಳಿತಾಯದ ಹಣದಲ್ಲಿ ಕರೆನ್ಸಿ ವಹಿವಾಟು ಮಾಡುವ ಮುನ್ನವೂ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವವರನ್ನು ಲಿಖಿತವಾಗಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ.

ಊರಿನಲ್ಲಿ ನೀವು ಬಳಸುತ್ತಿರುವ ಆ್ಯಪ್ ವಿದೇಶದ್ದು ಎಂದು ಬರೆದಿದ್ದೀರಿ. ಅದು ನನಗೆ ಆತಂಕ ತಂದಿತು. ಭಾರತದಲ್ಲಿ ನೆಲೆಸಿರುವವರು ಕರೆನ್ಸಿ ವಹಿವಾಟನ್ನು ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರಗಳ ಮೂಲಕ, ರಿಸರ್ವ್ ಬ್ಯಾಂಕಿನ ನಿಯಮದ ಒಳಗೇ ಮಾಡಬೇಕು. ಅನುಮತಿಯಿಲ್ಲದ ವೇದಿಕೆಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರಿಂದ ಪ್ರಕಟಿಸುತ್ತಿದೆ. ವಿದೇಶದಲ್ಲಿ ಕರೆನ್ಸಿ ವಹಿವಾಟಿಗೆ ಮಾರ್ಜಿನ್ ಹಣ, ಅಂದರೆ ಮುಂಗಡ ಠೇವಣಿ, ಕಳಿಸುವುದಕ್ಕೂ ಭಾರತದಿಂದ ಅನುಮತಿಯಿಲ್ಲ. ಆ ಖಾತೆಯನ್ನು ಊರಿನಲ್ಲಿರುವಾಗಲೇ ಮುಚ್ಚಿಬಿಡಿ. ಇಲ್ಲಿಗೆ ಬಂದ ಮೇಲೆ ಅಣ್ಣತಮ್ಮಂದಿರ, ಗೆಳೆಯರ ಹಣವನ್ನು ತರಿಸಿಕೊಂಡು ಅವರ ಪರವಾಗಿ ವಹಿವಾಟು ಮಾಡುವ ಮಾತನ್ನಂತೂ ಯಾರಿಗೂ ಕೊಡಬೇಡಿ.

ಇನ್ನು ಸಮಯ. ದಾವಣಗೆರೆಯಲ್ಲಿ ನಿಮ್ಮ ದಿನಚರಿ ಹೊಂದಿಕೊಂಡದ್ದು ಗಡಿಯಾರದ ಅನುಕೂಲದಿಂದ. ಲಂಡನ್ನು ಮತ್ತು ನ್ಯೂಯಾರ್ಕಿನ ಮಾರುಕಟ್ಟೆಗಳು ಎರಡೂ ತೆರೆದಿರುವ, ದರಗಳು ಹೆಚ್ಚು ಓಡಾಡುವ ಹೊತ್ತು ಊರಿನ ಸಂಜೆಗೆ ಬರುತ್ತದೆ. ಅಮೆರಿಕದ ಉದ್ಯೋಗ ವರದಿ, ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ, ಚಳಿಗಾಲದಲ್ಲಿ ಊರಿನ ಸಂಜೆ 7ಕ್ಕೆ ಹೊರಬೀಳುತ್ತದೆ. ಇಲ್ಲಿ ಅದೇ ವರದಿ ಮಧ್ಯಾಹ್ನ 1.30ಕ್ಕೆ ಬರುತ್ತದೆ, ಆಗ ನೀವು ತರಗತಿಯಲ್ಲಿರುತ್ತೀರಿ. ಸಂಜೆ ಕೋಣೆಗೆ ಮರಳುವ ವೇಳೆಗೆ ಲಂಡನ್ ಬಾಗಿಲು ಹಾಕಿರುತ್ತದೆ, ಕೊಳ್ಳುವವರು ಮಾರುವವರು ಕಡಿಮೆಯಾಗಿ ಮಾರುಕಟ್ಟೆ ತೆಳುವಾಗಿರುತ್ತದೆ. ಹೀಗಾಗಿ ಇಲ್ಲಿಯ ಸಂಜೆ ಪಾನಾ ಹಿಡಿಯುವುದಕ್ಕೆ ಸರಿ, ಚಾರ್ಟು ನೋಡುವುದಕ್ಕಲ್ಲ. ನಾನು ವರ್ಷಗಳಿಂದ ಅನುಸರಿಸುತ್ತಿರುವ ಕ್ರಮ ಒಂದೇ: ರಾತ್ರಿ 10ಕ್ಕೆ, ನ್ಯೂಯಾರ್ಕ್ ಮುಚ್ಚಿ ದಿನದ ಚಾರ್ಟು ಪೂರ್ಣಗೊಂಡಾಗ, ಕೈ ತೊಳೆದು ಅರ್ಧ ಗಂಟೆ ಕೂರುತ್ತೇನೆ, ಆರ್ಡರ್ ಹಾಕುವುದಿದ್ದರೆ ಸ್ಟಾಪ್‌ಲಾಸ್ (ನಷ್ಟ ಇಂತಿಷ್ಟಾದರೆ ವಹಿವಾಟು ತಾನೇ ಮುಚ್ಚಲಿ ಎಂಬ ಸೂಚನೆ) ಸಮೇತ ಹಾಕಿ ಮಲಗುತ್ತೇನೆ. ಗ್ಯಾರೇಜಿನೊಳಗೆ ಫೋನ್ ಬರುವುದಿಲ್ಲ.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಒಂದು ಚಳಿಗಾಲದ ಶುಕ್ರವಾರ ರಜೆ ಹಾಕಿ ಹಳೆಯ ಬುಲೆಟ್ಟಿನ ಟೈಮಿಂಗ್ ಕವರನ್ನು ಕೂರಿಸುತ್ತಿದ್ದೆ. ಬೆಂಚಿನ ಮೇಲೆ ಫೋನ್ ಇತ್ತು, ಪೌಂಡ್ ಮತ್ತು ಡಾಲರಿನ ಮೇಲೆ ನಾನು ತೆಗೆದುಕೊಂಡಿದ್ದ ಪೊಸಿಷನ್, ಅಂದರೆ ಇನ್ನೂ ಮುಗಿಸದ ವಹಿವಾಟು, ತೆರೆದಿತ್ತು. ಉದ್ಯೋಗ ವರದಿ ಬಂದೊಡನೆ ದರ ನನಗೆ ವಿರುದ್ಧವಾಗಿ ಜಾರಿತು. ಕಣ್ಣು ಅಲ್ಲಿ, ಕೈ ಇಲ್ಲಿ. ಅಲ್ಯೂಮಿನಿಯಂ ಕೇಸಿನ ತೂತಿನೊಳಗಿನ ತಿರುಪಿನ ಮರೆ (ಥ್ರೆಡ್) ಹರಿದುಹೋಗುವ ಕ್ಷಣದಲ್ಲಿ ಪಾನಾ ತುಸು ಸಡಿಲವಾದ ಹಾಗೆ ಅನ್ನಿಸುತ್ತದೆ, ಅದನ್ನು ಕೈ ಅರಿಯುತ್ತದೆ. ಅಂದು ನನ್ನ ಕೈ ಅರಿಯಲಿಲ್ಲ. ಆ ತೂತನ್ನು ಮತ್ತೆ ಕೊರೆದು, ಹೊಸ ಮರೆ ಕೊಡುವ ತಂತಿಸುರುಳಿಯಾದ ಹೆಲಿಕಾಯ್ಲ್ ಕೂರಿಸಬೇಕಾಯಿತು. ವಹಿವಾಟಿನ ನಷ್ಟದ ಮೊತ್ತ ಈಗ ನೆನಪಿಲ್ಲ, ಆ ಕೇಸನ್ನು ಕಂಡಾಗಲೆಲ್ಲ ಮಾತ್ರ ಈಗಲೂ ನೋವಾಗುತ್ತದೆ. ಬಿಚ್ಚಿಟ್ಟ ಇಂಜಿನ್ನು ಆರು ತಿಂಗಳಾದರೂ ಬಟ್ಟೆಯಡಿ ಕಾಯುತ್ತದೆ. ತೆರೆದಿಟ್ಟ ಪೊಸಿಷನ್ ಆರು ನಿಮಿಷವೂ ಕಾಯುವುದಿಲ್ಲ. ಹೀಗಿರುವಾಗ ಎರಡನ್ನೂ ಒಂದೇ ಹೊತ್ತಿನಲ್ಲಿ ತೆರೆದಿಟ್ಟರೆ ಕೆಡುವುದು ಯಾವಾಗಲೂ ಇಂಜಿನ್ನೇ.

ಚನ್ನಗಿರಿ ಕಡೆಯ ಬೆಳೆಗಾರರು ರೇಟು ಏರಲೆಂದು ಅಡಿಕೆಯನ್ನು ಕಟ್ಟಿಡುವುದನ್ನು ನೀವು ನೋಡಿದ್ದೀರಿ. ರೇಟು ಬಿದ್ದರೂ ಅವರ ಚೀಲದಲ್ಲಿ ಅಡಿಕೆ ಇರುತ್ತದೆ. ಸಾಲದ ಬಲದಿಂದ ನಡೆಯುವ ಕರೆನ್ಸಿ ವಹಿವಾಟಿನಲ್ಲಿ ಕೊನೆಗೆ ಉಳಿಯುವ ಚೀಲವೇ ಇಲ್ಲ. ಇಲ್ಲಿಯ ನಿಯಂತ್ರಕರು ಸಾಮಾನ್ಯ ಗ್ರಾಹಕರಿಗೆ ಪ್ರಮುಖ ಕರೆನ್ಸಿ ಜೋಡಿಗಳಲ್ಲಿ 30 ಪಟ್ಟಿನ ಮಿತಿ ಹಾಕಿದ್ದಾರೆ. ಅದರಲ್ಲಿಯೂ 1,000 ಪೌಂಡಿನ ಖಾತೆಯಿಂದ 30,000 ಪೌಂಡಿನ ವಹಿವಾಟು ಮಾಡಬಹುದು; ದರ ಶೇಕಡ 1ರಷ್ಟು ಎದುರಾದರೆ 300 ಪೌಂಡ್ ಹೋಗುತ್ತದೆ. 2022ರ ಸೆಪ್ಟೆಂಬರ್ 26ರಂದು, ಇಲ್ಲಿಯವರು ಇನ್ನೂ ನಿದ್ದೆಯಲ್ಲಿದ್ದಾಗ, ಪೌಂಡ್ 1.04 ಡಾಲರಿಗಿಂತಲೂ ಕೆಳಗೆ ಕುಸಿದಿತ್ತು. ಯೂರೋಪಿನ ನಿಯಂತ್ರಕರು 2018ರಲ್ಲಿ ಹೇಳಿದ ಪ್ರಕಾರ ಇಂಥ ಖಾತೆಗಳಲ್ಲಿ ಶೇಕಡ 74ರಿಂದ 89ರಷ್ಟು ನಷ್ಟದಲ್ಲಿದ್ದವು. ಇದಲ್ಲದೆ ನಿಮ್ಮ ತಂದೆ ರೂಪಾಯಿಯಲ್ಲಿ ಸಾಲ ಮಾಡಿ ಪೌಂಡಿನಲ್ಲಿ ಶುಲ್ಕ ಕಟ್ಟುತ್ತಿದ್ದಾರೆ. ಕರೆನ್ಸಿಯ ಏರಿಳಿತದ ಭಾರ ನಿಮ್ಮ ಮನೆಯ ಮೇಲೆ ಆಗಲೇ ಬಿದ್ದಿದೆ. ಮೊದಲ ವರ್ಷ ನಿಜ ಹಣವಿಲ್ಲದ ಡೆಮೊ ಖಾತೆಯಲ್ಲಿ ದಾಖಲೆ ಬರೆಯುತ್ತಾ ಹೋಗಿ, ಸಾಕು.

ಬೈಕಿನ ವಿಷಯದಲ್ಲಿ ಹೇಳಲು ಹೆಚ್ಚಿದೆ, ಸಂತೋಷವೂ ಹೆಚ್ಚು. ನೀವು ಬರುತ್ತಿರುವುದು ಬೈಕು ಕಟ್ಟಿದ ಸೀಮೆಗೆ. ಟ್ರಯಂಫ್ ಬೈಕು ಹುಟ್ಟಿದ್ದು ಕವೆಂಟ್ರಿಯಲ್ಲಿ. ಊರಾಚೆಯ ಮೆರಿಡನ್ನಿನಲ್ಲಿ ಅದರ ಕಾರ್ಖಾನೆ 1983ರವರೆಗೆ ನಡೆಯಿತು. ನಮ್ಮ ಬುಲೆಟ್ಟಿನ ತವರಾದ ರೆಡಿಚ್ ಇಲ್ಲಿಂದ ಗಂಟೆಯೊಳಗಿನ ದಾರಿ. ಆದರೆ ಕೆಲಸದ ರೀತಿ ಬೇರೆ. ಊರಿನಲ್ಲಿ ಬುಷ್ ಸವೆದರೆ ಪಕ್ಕದ ಓಣಿಯ ಲೇತಿನವರು ಮಧ್ಯಾಹ್ನದೊಳಗೆ ಹೊಸದನ್ನು ತಿರುಗಿಸಿ ಕೊಡುತ್ತಾರೆ. ಹರಿಹರದಲ್ಲಿ ಲೇತುಗಳನ್ನೇ ತಯಾರಿಸುತ್ತಿದ್ದ ನೆಲ ಅದು. ಇಲ್ಲಿ ಕೂಲಿ ದುಬಾರಿ, ಬಿಡಿಭಾಗ ಅಂಚೆಯಲ್ಲಿ ಬರಬೇಕು, ತಪ್ಪು ಅಳತೆ ಬಂದರೆ ಮತ್ತೊಂದು ವಾರ. ಒಂದು ದಿನದ ಕೆಲಸ ಒಂದು ತಿಂಗಳಾಗುತ್ತದೆ. ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ತಿಂದ ಬೋಲ್ಟು ಜಗಳೂರಿನ ಧೂಳು ಮೆತ್ತಿದ ಬೋಲ್ಟಿನ ಹಾಗೆ ಬಿಚ್ಚಿ ಬರುವುದಿಲ್ಲ. ಹಿಂದಿನ ರಾತ್ರಿ ಎಣ್ಣೆ ಬಿಟ್ಟು, ಮರುದಿನ ಬಿಸಿ ಕೊಟ್ಟು, ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು.

ಗ್ಯಾರೇಜಿನ ಮುಂದೆ ರಸ್ತೆಯ ಮೇಲೆಯೇ ಬೈಕು ಬಿಚ್ಚುವ ರೂಢಿಯನ್ನು ಊರಿನಲ್ಲಿಯೇ ಬಿಟ್ಟು ಬನ್ನಿ. ಓಡದ ಬೈಕಿಗೆ ರಸ್ತೆ ತೆರಿಗೆ, ವಿಮೆ ಬೇಡವೆಂದಾದರೆ ಅದು ರಸ್ತೆಯಲ್ಲಿಲ್ಲ ಎಂಬ ಘೋಷಣೆ ಸಲ್ಲಿಸಬೇಕು, ಹಾಗೆ ಘೋಷಿಸಿದ ಬೈಕನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಬಾಡಿಗೆ ಕೋಣೆಯ ಕರಾರು ಓದದೆ ಒಳಗೆ ಕಾರ್ಬ್ಯುರೇಟರ್ ತರಬೇಡಿ.

ಬರುವಾಗ ಪಾನಾಗಳ ಭಾರ ಹೊರಬೇಡಿ. ಹಳೆಯ ಬ್ರಿಟಿಷ್ ಬೈಕುಗಳಿಗೆ ಬೇಕಾದ ವಿಟ್‌ವರ್ತ್ ಅಳತೆಯ ಪಾನಾಗಳು ನನ್ನಲ್ಲಿ ಒಂದು ಜೊತೆ ಹೆಚ್ಚಿಗೆ ಇವೆ. ನಿಮ್ಮ ಮಾವನವರ ಕೈಯಲ್ಲಿ ಪಳಗಿದ, ಸಣ್ಣ ಸಂದು ಅಳೆಯುವ ಫೀಲರ್ ಗೇಜ್ ಒಂದನ್ನು ಕೇಳಿ ತನ್ನಿ. ಅಕ್ಟೋಬರಿನ ಹೊತ್ತಿಗೆ ಈ ಬುಲೆಟ್ಟಿನ ಪಾಯಿಂಟ್ ಗ್ಯಾಪ್ (ಕಿಡಿ ಹೊತ್ತಿಸುವ ಪಾಯಿಂಟುಗಳ ನಡುವಿನ ಸಂದು) ಹಿಡಿಯುವ ಹಂತಕ್ಕೆ ಬಂದಿರುತ್ತೇನೆ. ಶನಿವಾರ ಬೆಳಿಗ್ಗೆ ಬನ್ನಿ, ಮಂಡಕ್ಕಿ ಒಗ್ಗರಣೆ ತಿಂದು ಕೆಲಸಕ್ಕೆ ಕೂರೋಣ.