ಸಗಟು ಷರತ್ತು, ಚಿಕ್ಕ ಅಂಗಡಿಯ ಲೆಕ್ಕ

ಪ್ರಶ್ನೆ: ಉಡುಪಿಯ ಸಂತೆಕಟ್ಟೆಯ ಬಳಿ ನನ್ನದೊಂದು ದಿನಸಿ ಅಂಗಡಿಯಿದೆ. ಬಿಸ್ಕತ್ತು ಪೂರೈಸುವ ವಿತರಕರು ಪೂರ್ತಿ ಕೇಸು ಕೊಂಡರೆ ಮಾತ್ರ 12ಕ್ಕೆ 1 ಉಚಿತ ಎನ್ನುತ್ತಾರೆ. ಅವಧಿ ಮೀರಿದ ಮಾಲನ್ನು ವಾಪಸು ಪಡೆಯುವ ಬಗ್ಗೆ ಸ್ಪಷ್ಟವಾಗಿ ಹೇಳುವುದಿಲ್ಲ. ಮಂಗಳೂರಿನ ಬಂದರಿನಿಂದ ನಾನೇ ಮಾಲು ತರುವುದು ಮೇಲೇ?

ಉತ್ತರ: ನೀವು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ವಾಪಸಾತಿಯನ್ನು, ದರದ ಮಾತು ಆಮೇಲಿನದು. 12ಕ್ಕೆ 1 ಉಚಿತವೆಂದರೆ ಸುಮಾರು ಶೇ. 7.7ರ ರಿಯಾಯಿತಿ. ಆದರೆ ಆ 13 ಪೊಟ್ಟಣಗಳಲ್ಲಿ ಎರಡು ಹಾಳಾದರೂ 12ರ ಹಣ ತೆತ್ತು 11ನ್ನು ಮಾರಿದಂತಾಗಿ, ಸ್ಕೀಮಿನ ಗೊಡವೆಗೆ ಹೋಗದೆ ಬೇಕಾದಷ್ಟೇ ಕೊಂಡವರಿಗಿಂತ ನೀವು ಹಿಂದೆ ಬೀಳುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ತೇವದಲ್ಲಿ ಕೇಸಿನ ರಟ್ಟೇ ಮೆತ್ತಗಾಗುವಾಗ, ಅರ್ಧ ಕೇಸನ್ನು ತುಸು ಹೆಚ್ಚಿನ ದರಕ್ಕೆ ಕೊಳ್ಳುವುದೇ ಲಾಭವೆಂಬುದು ನನ್ನ ಖಚಿತ ಅಭಿಪ್ರಾಯ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಅವಧಿ ಮೀರಿದ ಆಹಾರವನ್ನು ಪೂರೈಸಿದರೆ ವಿತರಕರು ಹೊಣೆ, ಮಾರಿದರೆ ಅಂಗಡಿಯವರು ಹೊಣೆ. ನಿಮ್ಮ ಕಪಾಟಿನಲ್ಲಿ ಅವಧಿ ಮುಗಿದದ್ದನ್ನು ವಾಪಸು ಪಡೆಯುವುದು ಮಾತ್ರ ನಿಮ್ಮಿಬ್ಬರ ಒಪ್ಪಂದಕ್ಕೆ ಬಿಟ್ಟ ವಿಷಯ. ಆದ್ದರಿಂದ ಅವಧಿ ಮುಗಿಯುವುದಕ್ಕೆ ಎಷ್ಟು ದಿನ ಮುಂಚೆ ತಿಳಿಸಬೇಕು, ಬದಲಿ ಮಾಲು ಕೊಡುತ್ತಾರೋ ಕ್ರೆಡಿಟ್ ನೋಟ್ (ಆ ಮೊತ್ತವನ್ನು ನಿಮ್ಮ ಲೆಕ್ಕಕ್ಕೆ ಜಮಾ ಮಾಡುವ ಚೀಟಿ) ಕೊಡುತ್ತಾರೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ‘ಮುಂದಿನ ಬಿಲ್ಲಿನಲ್ಲಿ ನೋಡೋಣ’ ಎಂದ, ಅಂಗಡಿ ಅಂಗಡಿಗೆ ಬಂದು ಆರ್ಡರ್ ಪಡೆಯುವ ಲೈನ್ ಸೇಲ್ಸ್‌ಮ್ಯಾನ್ ಬದಲಾದರೆ, ಅವರ ಮಾತಿಗೆ ಉತ್ತರ ಕೊಡುವವರೇ ಇರುವುದಿಲ್ಲ. ಮಾಲು ಇಳಿಸಿಕೊಳ್ಳುವಾಗಲೇ ತಯಾರಿಕೆಯ ದಿನಾಂಕವನ್ನು ನೋಡಿ, ಅವಧಿ ಹತ್ತಿರವಿದ್ದರೆ ಅಲ್ಲೇ ತಿರಸ್ಕರಿಸಿ.

ಬಂದರಿನ ಸಗಟು ಅಂಗಡಿಗಳು ಕುಚ್ಚಲಕ್ಕಿ, ಬೆಲ್ಲ, ಬೇಳೆ, ಮೆಣಸಿನಂತಹ ಬಿಡಿ ಮಾಲಿಗೆ ಅನುಕೂಲ. ಬ್ರಾಂಡಿನ ತಿನಿಸುಗಳಿಗೆ ಸಾಮಾನ್ಯವಾಗಿ ಕಂಪನಿಗಳೇ ಪ್ರದೇಶ ಹಂಚಿ ವಿತರಕರನ್ನು ನೇಮಿಸಿರುವುದರಿಂದ, ಹೊರಗಿನಿಂದ ತಂದ ಪೊಟ್ಟಣವನ್ನು ಸ್ಥಳೀಯ ವಿತರಕರು ವಾಪಸು ತೆಗೆದುಕೊಳ್ಳುವರೆಂದು ನಂಬುವಂತಿಲ್ಲ. ದರ ಹೋಲಿಸುವಾಗ ಟೆಂಪೋ ಬಾಡಿಗೆ, ಹಮಾಲಿ ಮತ್ತು ಅಂಗಡಿ ಮುಚ್ಚಿದ ದಿನದ ವ್ಯಾಪಾರನಷ್ಟವನ್ನೂ ಸೇರಿಸಿ. ನೀವು ಜಿಎಸ್‌ಟಿ ಕಾಂಪೋಸಿಷನ್ ಪದ್ಧತಿಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿ) ಕೊಂಡ ಮಾಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಅದನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಸಿಗದ ಕಾರಣ, ತೆರಿಗೆ ಸೇರಿದ ಮೊತ್ತವೇ ನಿಮ್ಮ ನಿಜವಾದ ಖರೀದಿ ದರ. ಸಾಮಾನ್ಯ ನೋಂದಣಿಯಲ್ಲಿದ್ದು ಸಾಲದ ಮೇಲೆ ಕೊಳ್ಳುವವರಾದರೆ, ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಸಂದಾಯ ಮಾಡದಿದ್ದಲ್ಲಿ ಪಡೆದ ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ.